ಖಿರಾನ್ ತೀರದಲ್ಲಿ ಕೆನಡಾದ ಟೆಂಟು

ಟೆಂಟು ನಮ್ಮ ಮನೆಗೆ ಬಂದದ್ದು ಡಿಸೆಂಬರಿನ ಒಂದು ಸಂಜೆ, ನನ್ನ ಗಂಡನ ಹೆಗಲೇರಿ. ಹೆಚ್ಚುಕಡಿಮೆ ಅವರಷ್ಟೇ ಉದ್ದದ ಕೆಂಪು ಚೀಲ. ಲಿಫ್ಟಿನಲ್ಲಿ ಹಿಡಿಸಲಿಲ್ಲವೆಂದು ಮೆಟ್ಟಿಲು ಹತ್ತಿ ಬಂದಿದ್ದರು. ಬಾಗಿಲು ತೆಗೆದವಳಿಗೆ, ಇವರು ಯಾರನ್ನೋ ಕೊಂದು ಹೊತ್ತು ತಂದಿದ್ದಾರೆ ಅನ್ನಿಸಿತು. ಅದು ಮೀನು ಹಿಡಿಯುವ ಟೆಂಟು ಎಂದು ಗೊತ್ತಾದ ಮೇಲೆ, ಹೆಣವಾಗಿದ್ದರೆ ಇಡಲು ಜಾಗ ಹುಡುಕುವುದು ಇದಕ್ಕಿಂತ ಸುಲಭವಿತ್ತು ಎಂದೂ ಅನ್ನಿಸಿತು.

“ಎಂತ ಇದು?” ಎಂದೆ.

“ಐಸ್ ಫಿಶಿಂಗ್ ಶೆಲ್ಟರ್,” ಎಂದರು ಏದುಸಿರಿನ ನಡುವೆ, ಗಂಡುಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ.

ಮನೆಯಲ್ಲಿ ನಮ್ಮದು ಕೊಂಕಣಿ. ಮಾತನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದು ಬರೆದಿದ್ದೇನೆ. ಆಮೇಲೆ ನಾನಾಡಿದ್ದರ ಖಾರ ಸ್ವಲ್ಪ ಕಮ್ಮಿಯಾಗಿದ್ದರೆ ಕಾರಣ ಅದೇ.

ನಾವಿರುವುದು ಕುವೈತಿನ ಖೈತಾನಿನಲ್ಲಿ, ಮೂರನೇ ಮಹಡಿಯ ಸಣ್ಣ ಫ್ಲ್ಯಾಟಿನಲ್ಲಿ. ಗಂಡ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಪಂಪುಗಳ ಟೆಕ್ನಿಷಿಯನ್. ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತ, ಮೂತ್ರ ಪರೀಕ್ಷಿಸುವವಳು. ಈ ಊರಲ್ಲಿ ಐಸ್ ಎನ್ನುವುದು ಬೀದಿ ಮೂಲೆಯ ದಿನಸಿ ಅಂಗಡಿಯ ಫ್ರೀಜರಿನಲ್ಲಿ ಚೀಲ ಕಟ್ಟಿ ಸಿಗುತ್ತದೆ. ಅದರ ಮೇಲೆ ಕೂತು ಮೀನು ಹಿಡಿಯಬೇಕಾದರೆ ಮೊದಲು ಅಂಗಡಿಯವನ ಅಪ್ಪಣೆ ಬೇಕು.

ಟೆಂಟು ಕೊಟ್ಟವನು ಇವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಕೆನಡಾದವನು. ಕಾಂಟ್ರ್ಯಾಕ್ಟ್ ಮುಗಿದು ಊರಿಗೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಹಂಚಿದನಂತೆ. ಒಬ್ಬರಿಗೆ ಫ್ರಿಜ್ ಸಿಕ್ಕಿತು, ಇನ್ನೊಬ್ಬರಿಗೆ ಸೋಫಾ. ನನ್ನ ಗಂಡ ಆರಿಸಿಕೊಂಡದ್ದು ಇದನ್ನು. ಅವನ ಸಾಮಾನಿನ ಕಂಟೇನರಿನಲ್ಲಿ ತಪ್ಪಿ ಕುವೈತಿಗೆ ಬಂದ ಈ ಟೆಂಟು ಅಷ್ಟು ವರ್ಷ ಅವನ ಸ್ಟೋರಿನಲ್ಲಿ ಬಿಸಿಲಿನ ಬೇಗೆಗೆ ಬೆವರುತ್ತ ಬಿದ್ದಿತ್ತು. ಕೊಟ್ಟು ಹಗುರಾದವನು ಅವನು. ಹೊತ್ತುಕೊಂಡು ಬಂದವರು ಇವರು.

ಇವರು ಅದನ್ನು ಏಕೆ ಆರಿಸಿದರು ಎಂದು ನನಗೆ ಗೊತ್ತಿತ್ತು. ಕೆನಡಾಕ್ಕೆ ಹೋಗಿ ನೆಲೆಸಬೇಕೆಂಬ ಹಂಬಲ ಇವರನ್ನು ಹಿಡಿದು ಕಾಲವಾಗಿತ್ತು. ನಮ್ಮ ಚರ್ಚಿನಲ್ಲಿ ಅರ್ಧ ಜನ ಸ್ವರ್ಗಕ್ಕೆ ಪ್ರಾರ್ಥಿಸಿದರೆ ಇನ್ನರ್ಧ ಕೆನಡಾಕ್ಕೆ ಪ್ರಾರ್ಥಿಸುತ್ತಾರೆ. ಕೆಲವರು ಎರಡಕ್ಕೂ ಅರ್ಜಿ ಹಾಕಿದವರು. ಇವರೂ ಇಂಗ್ಲಿಷ್ ಪರೀಕ್ಷೆ ಬರೆದರು, ಪಾಯಿಂಟು ಲೆಕ್ಕ ಹಾಕಿದರು, ಊಟದ ಹೊತ್ತಿಗೆ ವೀಸಾದ ವಿಡಿಯೋ ನೋಡಿದರು. ಆದರೆ ಆ ವರ್ಷದ ಮಧ್ಯದಲ್ಲಿ ಎಲ್ಲೋ ವೀಸಾದ ವಿಡಿಯೋಗಳು ನಿಂತು, ಮೀನಿನ ವಿಡಿಯೋಗಳು ಶುರುವಾದವು. ಹೆಪ್ಪುಗಟ್ಟಿದ ಕೆರೆ. ಅದಕ್ಕೆ ಬೈರಿಗೆಯಿಂದ ಕೊರೆದ ತೂತು. ತೂತಿನ ಮೇಲೆ ಟೆಂಟು, ಟೆಂಟಿನೊಳಗೆ ಬಕೆಟ್ ಮಗುಚಿ ಕೂತ ಗಡ್ಡದವನೊಬ್ಬ. ಅವನು ಗಾಳದ ದಾರ ಹಿಡಿದು ತೂತನ್ನೇ ನೋಡುತ್ತಿದ್ದ, ನನ್ನ ಗಂಡ ಅವನನ್ನೇ ನೋಡುತ್ತಿದ್ದರು. ಮೀನು ಬಂದದ್ದು ನಾನಂತೂ ಕಾಣಲಿಲ್ಲ.

ಚೀಲ ಬಂದ ದಿನವೇ ಟೆಂಟನ್ನು ಹಾಲಿನಲ್ಲಿ ಬಿಡಿಸಿ ನೋಡಬೇಕೆಂದರು. ಇಂಥ ಟೆಂಟಿಗೆ ಕೋಲು ಜೋಡಿಸುವ ತಾಪತ್ರಯವಿಲ್ಲ. ಪ್ರತಿ ಗೋಡೆಯ ನಡುವೆ ಒಂದು ಪಟ್ಟಿ ಇರುತ್ತದೆ. ಅದನ್ನು ಎಳೆದರೆ ಒಳಗೆ ಮಡಿಚಿಕೊಂಡ ಕಡ್ಡಿಗಳು ಕೊಡೆಯ ಹಾಗೆ ಹೊರಗೆ ಚಿಮ್ಮುತ್ತವೆ. ಮೊದಲ ಗೋಡೆ ಚಿಮ್ಮಿ ಟೀವಿಯನ್ನು ಬಗ್ಗಿಸಿತು. ಎರಡನೆಯದು ಯೇಸುವಿನ ಪಟಕ್ಕೆ ಗುದ್ದಿತು. ಮೂರನೆಯದು ನನ್ನನ್ನು ಅಡುಗೆಮನೆಯೊಳಗೆ ತಳ್ಳಿತು. ನಾಲ್ಕನೆಯದಕ್ಕೆ ಬಾಗಿಲು ಮುಚ್ಚಿಹೋಗಿ, ಟ್ಯೂಷನ್ ಮುಗಿಸಿ ಬಂದ ಮಗಳು ಹೊರಗೇ ನಿಂತು ಬೆಲ್ ಒತ್ತತೊಡಗಿದಳು.

“ಡ್ಯಾಡಾ, ವಾಟ್ ಈಸ್ ಗೋಯಿಂಗ್ ಆನ್?” ಎಂದಳು ಬಾಗಿಲ ಸಂದಿಯಿಂದ. ನಾವು ಯಾವ ಭಾಷೆಯಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ.

“ಸ್ವಲ್ಪ ನಿಲ್ಲು ಮಗಾ, ಮಡಚುವ ವಿಡಿಯೋ ಹುಡುಕ್ತಾ ಇದ್ದೇನೆ.”

ಮಡಚಲು ಬರುವವರೆಗೆ ಟೆಂಟು ಹಾಲಿನಲ್ಲೇ ನಿಂತಿತ್ತು. ಹೊರಗೆ ಕೆಂಪು, ಒಳಗೆ ಕಪ್ಪು, ನಡುವೆ ರಜಾಯಿಯಂಥ ದಪ್ಪ ಪದರ. ಕಿಟಕಿಗಳು ಮುಖದ ಎತ್ತರಕ್ಕೆ, ಮುಚ್ಚಲು ಒಂದೊಂದು ಬಟ್ಟೆಯ ಪರದೆ. ನೆಲ ಮಾತ್ರ ಇಲ್ಲ. ಐಸಿಗೆ ತೂತು ಕೊರೆಯುವವರಿಗೆ ನೆಲ ಏಕೆ? ಮಗಳು ಅದರೊಳಗೆ ಕೂತು ಪರೀಕ್ಷೆಗೆ ಓದಿದಳು. ಅಷ್ಟು ಶಾಂತಿಯಿಂದ ಅವಳು ಓದಿದ್ದು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನಾನೂ ಒಂದು ಮಧ್ಯಾಹ್ನ ಒಳಗೆ ಹೊಕ್ಕು ಪರದೆ ಮುಚ್ಚಿ ಮಲಗಿದೆ. ಗಂಡ ಬಂದು, “ಹೇಗಿದೆ?” ಎಂದು ಕೇಳಿದಾಗ, “ಕುತ್ತಿಗೆ ನೋವು,” ಎಂದು ಸುಳ್ಳು ಹೇಳಿದೆ.

ಅಲ್ಲಿಂದ ಮುಂದೆ ಮನೆಯಲ್ಲಿ ಉಪದೇಶ ಶುರುವಾಯಿತು. ಬಟ್ಟೆ ಮೂರು ಪದರ ತೊಡಬೇಕು. ಹತ್ತಿಬಟ್ಟೆ ಮೈಗೆ ತಾಗಬಾರದು, ಒದ್ದೆಯಾದರೆ ಒಣಗುವುದಿಲ್ಲ. ನೇರವಾಗಿ ನೆಲದ ಮೇಲೆ ಕೂರಬಾರದು. ಚಳಿ ಬರುವುದು ಗಾಳಿಯಿಂದಲ್ಲ, ಕುಂಡೆಯಿಂದ. ಟೆಂಟಿನೊಳಗೆ ಬೆಂಕಿ ಹಚ್ಚಿದರೆ ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ನಿದ್ದೆ ಬಂದ ಹಾಗೆ ಸಾವು ಬರುತ್ತದೆ. ಇದನ್ನೆಲ್ಲ ಇವರು ಹೊರಗೆ ಬಿಸಿಲು ಕಾಯುತ್ತಿದ್ದಾಗ, ಬನಿಯನ್ನಿನಲ್ಲಿ ಕೂತು ಹೇಳುತ್ತಿದ್ದರು.

ತಮಾಷೆ ಏನೆಂದರೆ, ಕುವೈತಿನಲ್ಲಿ ಚಳಿಯಿಲ್ಲ ಎಂದುಕೊಂಡವರು ಜನವರಿಯಲ್ಲಿ ಮರುಭೂಮಿಗೆ ಹೋಗಿಲ್ಲ ಎಂದರ್ಥ. ಉತ್ತರದ ಗಾಳಿ ಬೀಸಿತೆಂದರೆ ಕಿವಿ ತಲೆಯ ಮೇಲಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಇಲ್ಲಿನವರಿಗೆ ಅದೇ ಹಬ್ಬ. ಮರಳಿನ ಮೇಲೆ ಟೆಂಟು ಹೊಡೆದು, ಕೆಂಡದ ಸುತ್ತ ಕೂತು ಚಹಾ ಕುಡಿಯುವ ಕಾಲ. ಹಾಗಾಗಿ ಇವರ ಹುಚ್ಚಿಗೆ ಇಲ್ಲಿ ತಕ್ಕ ಜಾಗವಿತ್ತು. ಐಸು ಮಾತ್ರ ಇರಲಿಲ್ಲ.

ಜೊತೆಗೆ ಬರಲು ಒಬ್ಬರು ತಾವಾಗಿ ಮುಂದೆ ಬಂದರು. ನಮ್ಮ ಕಟ್ಟಡದ ಕೆಳಗೆ ಕಂಬಳಿ, ಹೀಟರ್, ಕೆಟಲ್, ಚಾಪೆ ಮಾರುವ ಅಂಗಡಿಯಿದೆ. ಅದನ್ನು ನಡೆಸುವವರು ಉಳ್ಳಾಲ ಕಡೆಯ ಬ್ಯಾರಿ, ನಮಗಿಂತ ಹಿರಿಯರು. ನಾವು ಅವರನ್ನು ಕಾಕಾ ಎನ್ನುತ್ತೇವೆ. ಅವರು ನನ್ನ ಗಂಡನನ್ನು, ಕ್ರೈಸ್ತರನ್ನು ಕರೆಯುವ ನಮ್ಮೂರ ವಾಡಿಕೆಯಂತೆ, ಪೊರ್ಬುಗಳೇ ಎಂದೂ ನನ್ನನ್ನು ಬಾಯಮ್ಮ ಎಂದೂ ಕರೆಯುತ್ತಾರೆ. ಸಮುದ್ರದ ಪಕ್ಕ ಹುಟ್ಟಿದರೂ ನೀರಿಗೆ ಹೆದರುವವರು. ಮೀನನ್ನು ತಟ್ಟೆಯಲ್ಲಿ ಮಾತ್ರ ಎದುರಿಸಿದವರು. ಆದರೆ ಗಾಳ ಹಾಕುವುದರ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಇರಲಿಲ್ಲ.

“ಪೊರ್ಬುಗಳೇ, ಎರೆಗೆ ಕೋಳಿಯ ಲಿವರ್ ಹಾಕ್ಬೇಕು, ಸ್ವಲ್ಪ ಮಸಾಲೆ ಹಚ್ಚಿ,” ಎಂದರು.

“ಮೀನಿಗೆ ಮಸಾಲೆ ಎಂತಕ್ಕೆ ಕಾಕಾ?”

“ಮತ್ತೆ? ನಮಗೆ ಬೇಕು, ಅದಕ್ಕೆ ಬೇಡವಾ?”

ಅವರೇ ನಮಗೆ ಹುಲಿಯ ಚಿತ್ರವಿರುವ ಒಂದು ದಪ್ಪ ಕಂಬಳಿಯನ್ನೂ ಕೆಂಡ ಹಾಕುವ ತಗಡಿನ ಒಲೆಯನ್ನೂ ಗಂಟು ಹಾಕಿದರು.

ಜನವರಿಯ ಒಂದು ಶುಕ್ರವಾರ ಹೊರಟೆವು. ಬೆಳಿಗ್ಗೆ ಚರ್ಚಿನಲ್ಲಿ ನಮ್ಮ ಪೂಜೆ ಮುಗಿಯಬೇಕು, ಮಧ್ಯಾಹ್ನ ಕಾಕಾರ ಜುಮಾ ನಮಾಜು ಮುಗಿಯಬೇಕು. ಎರಡೂ ಕಡೆಯ ದೇವರಿಗೆ ಹೇಳಿ ಹೊರಡುವಾಗ ಹೊತ್ತು ವಾಲಿತ್ತು. ಟೆಂಟು ಕಾರಿನ ಮೇಲೆ, ಕಾಕಾ ಮುಂದಿನ ಸೀಟಿನಲ್ಲಿ, ನಾನೂ ಮಗಳೂ ಹಿಂದೆ ಹುಲಿಯ ಕೆಳಗೆ. ದಕ್ಷಿಣಕ್ಕೆ ಖಿರಾನ್ ಕಡೆ ಹೋಗಿ, ಸಮುದ್ರ ತೀರದ ಒಂದು ಖಾಲಿ ಜಾಗದಲ್ಲಿ ನಿಂತೆವು. ದೂರದಲ್ಲಿ ಒಂದು ಕುವೈತಿ ಕುಟುಂಬದ ಕ್ಯಾಂಪು, ದೊಡ್ಡ ಬಿಳಿ ಟೆಂಟುಗಳು, ಜೀಪುಗಳು. ಮತ್ತೆ ಯಾರೂ ಇಲ್ಲ. ಗಾಳಿ ಇತ್ತು, ಬೇಕಾದ್ದಕ್ಕಿಂತ ಹೆಚ್ಚು.

ಕೆನಡಾದವನು ಟೆಂಟಿನ ಜೊತೆ ಮೊಳೆಗಳನ್ನೂ ಕೊಟ್ಟಿದ್ದ. ತಿರುಪಿನ ಮೊಳೆಗಳು, ಐಸಿನಲ್ಲಿ ಕೊರೆದು ಕೂರುವಂಥವು. ಗಂಡ ಒಂದೊಂದನ್ನೇ ಶ್ರದ್ಧೆಯಿಂದ ಮರಳಿಗೆ ತಿರುಗಿಸಿದರು. ತಿರುಗಿಸಿದಷ್ಟೂ ಒಳಗೆ ಹೋದವು, ಮುಟ್ಟಿದರೆ ಹೊರಗೆ ಬಂದವು. ಟೆಂಟಿನ ಬುಡದಲ್ಲಿ ಲಂಗದ ನೆರಿಗೆಯ ಹಾಗೆ ಅಗಲ ಬಟ್ಟೆಯಿತ್ತು. ಅಲ್ಲಿ ಅದರ ಮೇಲೆ ಹಿಮ ಪೇರಿಸುತ್ತಾರಂತೆ. ನಾವು ಮರಳು ಪೇರಿಸಿದೆವು. ಮಗಳು ಪ್ಲಾಸ್ಟಿಕ್ ತಟ್ಟೆಯಲ್ಲಿ ಮರಳು ತುಂಬಿ ಸುರಿದಳು, ಕಾಕಾ ನಿಂತು ಎಲ್ಲಿ ಸುರಿಯಬೇಕೆಂದು ತೋರಿಸಿದರು.

ಒಪ್ಪಬೇಕು, ಒಳಗೆ ಹೊಕ್ಕಾಗ ಚೆನ್ನಾಗಿತ್ತು. ಗಾಳಿಯ ಸದ್ದು ಹೊರಗೆ ಉಳಿಯಿತು. ಮಡಚುವ ಕುರ್ಚಿಗಳಲ್ಲಿ ಕೂತೆವು. ಫ್ಲಾಸ್ಕಿನ ಚಹಾ, ನಾನು ಕಟ್ಟಿ ತಂದ ಬನ್ಸು. ಗಂಡ ಸಮುದ್ರದ ಕಡೆಯ ಕಿಟಕಿಯಿಂದ ಗಾಳದ ಕೋಲನ್ನು ಹೊರಗೆ ಚಾಚಿ, ಬಕೆಟಿನ ಮೇಲೆ ಕೂತು, ವಿಡಿಯೋದ ಗಡ್ಡದವನ ಹಾಗೆಯೇ ಸುಮ್ಮನಾದರು. ಅವರ ಮುಖ ಎಷ್ಟು ತೃಪ್ತಿಯಿಂದಿತ್ತೆಂದರೆ ಬಾಯಿಗೆ ಬಂದ ಮಾತನ್ನು ಬನ್ಸಿನ ಜೊತೆ ನುಂಗಿಬಿಟ್ಟೆ.

ಅಷ್ಟರಲ್ಲಿ ಕಾಕಾ ತಗಡಿನ ಒಲೆಯಲ್ಲಿ ಇದ್ದಿಲು ಹಚ್ಚಿ ಒಳಗೆ ತಂದರು.

“ಕಾಕಾ, ಹೊರಗೆ! ಹೊರಗೆ! ಗ್ಯಾಸ್ ಆಗ್ತದೆ!”

“ಎಂಥ ಗ್ಯಾಸ್? ಇದು ಕೆಂಡ ಪೊರ್ಬುಗಳೇ. ಇಲ್ಲಿ ಎಲ್ಲರೂ ಇಡ್ತಾರೆ.”

“ಎಲ್ಲರದ್ದು ತೆರೆದ ಟೆಂಟು. ಇದು ಡಬ್ಬ. ಇದರಲ್ಲಿ ಇಟ್ರೆ ನಾಳೆ ನಮ್ಮ ನಾಲ್ಕೂ ಜನರ ಫೋಟೋ ಪೇಪರಲ್ಲಿ ಬರ್ತದೆ.”

ಈ ಒಂದು ವಿಷಯದಲ್ಲಿ ನನ್ನ ಗಂಡ ಪೂರ್ತಿ ಸರಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಾನು ಅದನ್ನು ಬರೆದುಕೊಡುತ್ತೇನೆ. ಕಾಕಾ ಗೊಣಗುತ್ತ ಒಲೆ ಹೊರಗಿಟ್ಟು ಬಂದರು. “ಚಳಿಯಲ್ಲಿ ಸತ್ರೆ ಫೋಟೋ ಬರುದಿಲ್ವಾ?” ಎಂದು ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತರು.

ಗಾಳದ ಬಗ್ಗೆ, ಗಾಳಿಯ ಬಗ್ಗೆ, ಗ್ಯಾಸಿನ ಬಗ್ಗೆ ಇಷ್ಟೆಲ್ಲ ತಿಳಿದ ಇಬ್ಬರು ಗಂಡಸರು ಸಮುದ್ರಕ್ಕೆ ಭರತ ಬರುತ್ತದೆ ಎಂಬುದನ್ನು ಮರೆತಿದ್ದರು. ಹೆಪ್ಪುಗಟ್ಟಿದ ಕೆರೆಗೆ ಭರತವಿಲ್ಲ, ಹಾಗಾಗಿ ವಿಡಿಯೋದವನು ಅದನ್ನು ಹೇಳಿರಲಿಲ್ಲ. ಮೊದಲು ಕಾಲಡಿಯ ಮರಳು ಕಪ್ಪಾಯಿತು. ಆಮೇಲೆ ತೆಳ್ಳಗೆ ನೀರು ಒಳಗೆ ಹರಿದು, ಮಗಳ ಶೂ ಒದ್ದೆ ಮಾಡಿ, ಹಿಂದೆ ಹೋಯಿತು.

“ಡ್ಯಾಡಾ, ದ ಸೀ ಈಸ್ ಇನ್‌ಸೈಡ್,” ಎಂದಳು ಪುಸ್ತಕದಿಂದ ತಲೆಯೆತ್ತದೆ.

ಎರಡನೇ ಅಲೆ ಒಂದು ಏಡಿಯನ್ನು ತಂದುಬಿಟ್ಟಿತು. ಸಣ್ಣ ಏಡಿ, ಅದಕ್ಕೂ ಗಾಬರಿ. ಅದು ಕಾಕಾರ ಕಂಬಳಿಯ ಅಂಚು ಹಿಡಿದು ಹುಲಿಯ ಮುಖದ ಮೇಲೆ ಹತ್ತಿತು. ಕಾಕಾ ಕುರ್ಚಿ, ಕಂಬಳಿ, ಏಡಿ ಎಲ್ಲದರ ಸಮೇತ ಎದ್ದು ಕೂಗುತ್ತ, ಜಿಪ್ ಹುಡುಕುವ ತಾಳ್ಮೆಯಿಲ್ಲದೆ, ಟೆಂಟಿನ ಬುಡವನ್ನೇ ಎತ್ತಿ ಹೊರಗೆ ನುಸುಳಿದರು. ನಾವು ಪೇರಿಸಿದ ಮರಳು ಜಾರಿತು. ಆ ಸಂದಿಗಾಗಿಯೇ ಕಾದಂತೆ ಗಾಳಿ ಒಳಗೆ ನುಗ್ಗಿತು.

ಟೆಂಟು ಎದ್ದಿತು. ನಿಧಾನವಾಗಿ, ಮರ್ಯಾದೆಯಿಂದ, ನಮ್ಮ ತಲೆಗಳ ಮೇಲಿಂದ. ನಾನೂ ಮಗಳೂ ಎರಡು ಕುರ್ಚಿಯಲ್ಲಿ ಬಟಾಬಯಲಿನಲ್ಲಿ ಕೂತಿದ್ದೆವು, ಕೈಯಲ್ಲಿ ಚಹಾ. ಗಂಡ ಟೆಂಟಿನ ಹಗ್ಗ ಹಿಡಿದುಕೊಂಡರು. ಟೆಂಟು ಮಗುಚಿ ಉರುಳತೊಡಗಿತು, ಹಗ್ಗದ ತುದಿಯಲ್ಲಿ ಇವರು ಮೊದಲು ಓಡಿದರು, ಆಮೇಲೆ ಜಾರಿದರು, ಆಮೇಲೆ ನೀರಂಚಿನಲ್ಲಿ ಹೊಟ್ಟೆಯ ಮೇಲೆ ಎಳೆಯಲ್ಪಟ್ಟರು. ನಾನು ಓಡಿಹೋಗಿ ಅವರ ಕಾಲು ಹಿಡಿದೆ.

ಹಿಂದಿನಿಂದ ಕಾಕಾ ಕೂಗಿದರು: “ಬಿಡಿ ಪೊರ್ಬುಗಳೇ! ಬಿಟ್ಟುಬಿಡಿ! ಕೆನಡಾಕ್ಕೆ ಅದಾದ್ರೂ ಹೋಗ್ಲಿ!”

ಗಂಡ ಹಗ್ಗ ಬಿಟ್ಟರು. ಎದ್ದು ಕೂತು, ಬಾಯಲ್ಲಿದ್ದ ಮರಳು ಉಗುಳುತ್ತ, ಉರುಳಿ ಹೋಗುತ್ತಿದ್ದ ಕೆಂಪನ್ನು ನೋಡಿದರು. ನನಗೆ ಬಂದ ನಗು ಅರ್ಧದಲ್ಲೇ ನಿಂತಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಮುಖ ಅಷ್ಟು ಬರಿದಾದದ್ದನ್ನು ನಾನು ನೋಡಿದ್ದು ಅವರ ತಂದೆಯ ಶವಪೆಟ್ಟಿಗೆ ಇಳಿಸುವಾಗ ಮಾತ್ರ.

ಟೆಂಟು ಕೆನಡಾಕ್ಕೆ ಹೋಗಲಿಲ್ಲ. ದೂರದ ಕುವೈತಿ ಕ್ಯಾಂಪಿನ ಜೀಪಿಗೆ ತಾಗಿ ನಿಂತಿತು. ಕ್ಷಮೆ ಕೇಳಲು ನಾಲ್ವರೂ ನಡೆದುಹೋದೆವು. ಗಂಡನ ಮೂರೂ ಪದರ ಒದ್ದೆ. ಬೇಗ ಒಣಗುತ್ತದೆಂದು ಹೇಳಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು.

ಕ್ಯಾಂಪಿನ ಯಜಮಾನಿ ಒಬ್ಬ ಮುದುಕಿ, ಕಪ್ಪು ಅಬಾಯಾ, ಕೈಯಲ್ಲಿ ಊರುಗೋಲು. ಅವರ ಗಂಡುಮಕ್ಕಳು ಟೆಂಟನ್ನು ನೆಟ್ಟಗೆ ನಿಲ್ಲಿಸಿ ಹಿಡಿದಿದ್ದರು, ಮುದುಕಿ ಅದರೊಳಗೆ ಹೋಗಿ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿದ್ದರು. ನಮ್ಮನ್ನು ಕಂಡು, ಇದೇನೆಂದು ಕೇಳಿದರು. ಕಾಕಾ ತಮ್ಮ ಅಂಗಡಿಯ ಅರಬಿ ತೆಗೆದರು. ಇದು ಕೆನಡಾದ ಖೈಮಾ, ಅಂದರೆ ಟೆಂಟು, ಮೀನಿಗಾಗಿ ಇರುವುದು. ಅಲ್ಲಿ ನೀರು ಗಟ್ಟಿಯಾಗುತ್ತದೆ, ಜನ ಅದಕ್ಕೆ ತೂತು ಮಾಡಿ, ಮೇಲೆ ಇದರೊಳಗೆ ಕೂತು, ಕಾಯುತ್ತಾರೆ.

ಮುದುಕಿ ಟೆಂಟನ್ನು ಇನ್ನೊಂದು ಸುತ್ತು ಬಂದು ಒಂದು ಮಾತು ಕೇಳಿದರು. ಕಾಕಾ ನಮಗೆ ಹೇಳಿದರು: “ಅವರಿಗೆ ಮನೆ ಇಲ್ವಾ ಅಂತ ಕೇಳ್ತಾರೆ.”

ಆಮೇಲೆ ಮುದುಕಿ ಊರುಗೋಲಿನಿಂದ ಒಂದೊಂದನ್ನೇ ತೋರಿಸುತ್ತ ಮಾತಾಡಿದರು. ನೆಲವಿಲ್ಲ. ಒಳಗೆ ಕಪ್ಪು, ಹೊರಗಿನವರಿಗೆ ನೆರಳೂ ಕಾಣುವುದಿಲ್ಲ. ಕಿಟಕಿಗೆ ಪರದೆ. ಬಾಗಿಲಿಗೆ ಒಳಗಿಂದಲೂ ಜಿಪ್. ಗಂಡುಮಕ್ಕಳು ಒಬ್ಬೊಬ್ಬರಾಗಿ ಆಕಾಶ ನೋಡತೊಡಗಿದರು. ಕಾಕಾ ಗಂಟಲು ಸರಿಮಾಡಿಕೊಂಡರು.

“ಪೊರ್ಬುಗಳೇ, ಬೇಜಾರು ಮಾಡ್ಬೇಡಿ. ಇವರ ಕ್ಯಾಂಪಿನಲ್ಲಿ ಹೆಂಗಸರಿಗೆ ಹಮ್ಮಾಮಿನದ್ದೇ, ಅಂದ್ರೆ ಕಕ್ಕಸಿನದ್ದೇ ದೊಡ್ಡ ತೊಂದರೆ ಅಂತೆ. ಎಷ್ಟೋ ವರ್ಷದಿಂದ ಹೇಳ್ತಾ ಇದ್ದಾರಂತೆ, ಮಕ್ಕಳು ಕೇಳುದಿಲ್ವಂತೆ. ಇದು... ಅದಕ್ಕೇ ಮಾಡಿದ್ದು ಅಂತ ಹೇಳ್ತಾರೆ.”

ನಾನು ನಕ್ಕುಬಿಟ್ಟೆ. ತಡೆಯಲು ಆಗಲಿಲ್ಲ, ಮರಳಿನ ಮೇಲೆ ಕುಕ್ಕರಿಸಿ, ಹೊಟ್ಟೆ ಹಿಡಿದು, ಕಣ್ಣೀರು ಬರುವ ತನಕ ನಕ್ಕೆ. ಮುದುಕಿಯೂ ಶುರುಮಾಡಿದರು. ಗಂಡ ನನ್ನನ್ನು ನೋಡಿದರು, ಟೆಂಟನ್ನು ನೋಡಿದರು. ಮುಗಿಯಿತು, ಇನ್ನು ಮನೆಗೆ ಹೋಗುವ ತನಕ ಮಾತಿಲ್ಲ ಅಂದುಕೊಂಡೆ. ಅವರು ನಡುಗುತ್ತಲೇ ಟೆಂಟಿನ ಹತ್ತಿರ ಹೋಗಿ, ಮೇಲಿನ ಮೂಲೆಯ ಒಂದು ಸಣ್ಣ ಮುಚ್ಚಳ ಎತ್ತಿ ತೋರಿಸಿದರು.

“ಕಾಕಾ, ಅವರಿಗೆ ಹೇಳಿ. ವಾಸನೆ ಹೋಗ್ಲಿಕ್ಕೆ ಇಲ್ಲಿ ದಾರಿ ಉಂಟು.”

ಮುದುಕಿಗೆ ಅದು ಬಹಳ ಹಿಡಿಸಿತು. ತಮ್ಮ ಮಗನೊಬ್ಬನ ಮೈಮೇಲಿದ್ದ ಫರ್ವಾ ಬಿಚ್ಚಿಸಿದರು. ಕುರಿಯ ಉಣ್ಣೆಯ ಒಳಪದರವಿರುವ, ಕಾಲಿನವರೆಗೆ ಬರುವ ಕೋಟು ಅದು. ಇಲ್ಲಿನ ಜನ ಚಳಿಗಾಲದಲ್ಲಿ ತೊಡುವುದು. ನನ್ನ ಗಂಡನ ಒದ್ದೆ ಪದರಗಳನ್ನು ಒಂದು ಟೆಂಟಿನ ಹಿಂದೆ ಕಳಚಿಸಿ, ಅದನ್ನು ಹೊದಿಸಿ, ಕೆಂಡದ ಮುಂದೆ ಕೂರಿಸಿದರು. ಏಲಕ್ಕಿಯ ಹಾಲುಚಹಾ ಬಂತು. ದೊಡ್ಡ ಹರಿವಾಣದಲ್ಲಿ ಮೀನು ಅನ್ನ ಬಂತು. ನಮ್ಮ ಗಾಳಕ್ಕೆ ಬೀಳದ ಮೀನು, ಅಲ್ಲೇ, ಹುರಿದ ಈರುಳ್ಳಿಯ ಕೆಳಗೆ ಮಲಗಿತ್ತು. ಊಟ ಮುಗಿದ ಮೇಲೆ ಇವರು ಆ ಗಂಡುಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಟೆಂಟು ಬಿಡಿಸುವುದನ್ನೂ ಮಡಚುವುದನ್ನೂ ಕಲಿಸಿದರು. ಮರಳಿಗೆ ತಿರುಪು ಮೊಳೆ ಸಾಲದು ಎಂದು ಅವರು ಇವರಿಗೆ ಕಲಿಸಿದರು: ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಆಳದಲ್ಲಿ ಹೂತುಬಿಡಬೇಕು, ಬಾಗಿಲು ಯಾವತ್ತೂ ಗಾಳಿಗೆ ಬೆನ್ನು ಹಾಕಿರಬೇಕು. ಫರ್ವಾ ವಾಪಸು ಕೊಡಲು ಹೋದಾಗ ಮುದುಕಿ ಊರುಗೋಲು ಎತ್ತಿ ಗದರಿಸಿದರು. ಟೆಂಟು ಅಲ್ಲೇ ಉಳಿಯಿತು.

ಹಿಂದೆ ಬರುವಾಗ ಪೂರ್ತಿ ಕತ್ತಲಾಗಿತ್ತು. ಕಾಕಾ ಈ ಬಾರಿ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದರು. ಮಗಳು ಇಯರ್‌ಫೋನ್ ಹಾಕಿಕೊಂಡಿದ್ದಳು. ಗಂಡ ಶೇಖನ ಹಾಗೆ ಕೂತು ಡ್ರೈವ್ ಮಾಡುತ್ತಿದ್ದರು.

“ಕೆನಡಾದ್ದು ಆಗುದಿಲ್ಲ,” ಎಂದರು, ರಸ್ತೆ ನೋಡುತ್ತ. “ವಯಸ್ಸಿನ ಪಾಯಿಂಟು ಹೋಯ್ತು. ಹೋದ ವರ್ಷವೇ.”

“ಗೊತ್ತುಂಟು.”

“ಹೇಗೆ?”

“ನೀವು ವೀಸಾ ಬಿಟ್ಟು ಮೀನು ನೋಡ್ಲಿಕ್ಕೆ ಶುರು ಮಾಡಿದ್ರಿ.”

ನನಗೆ ಕೆನಡಾ ಎಂದೂ ಬೇಕಾಗಿರಲಿಲ್ಲ; ಹಿಮ ಕೆರೆಯುವ ಸಲಿಕೆ ಕಂಡರೇ ನನಗೆ ಸೊಂಟ ನೋಯುತ್ತದೆ. ಅದನ್ನು ಆ ಹೊತ್ತಿನಲ್ಲಿ ಹೇಳುವುದು ಬೇಡವೆನ್ನಿಸಿತು. ಬನ್ಸು ಒಂದು ಉಳಿದಿತ್ತು, ಮುರಿದು ಅರ್ಧ ಅವರ ಬಾಯಿಗಿಟ್ಟೆ. ಸ್ವಲ್ಪ ಮರಳಿತ್ತು. ಅಗಿದು ತಿಂದರು.

ಆ ಚಳಿಗಾಲ ಇನ್ನೂ ಕೆಲವು ಶುಕ್ರವಾರ ಸಮುದ್ರಕ್ಕೆ ಹೋದೆವು. ಕಾಕಾರ ಅಂಗಡಿಯ ಸಾದಾ ಕ್ಯಾನ್ವಾಸಿನ ಟೆಂಟು, ಭರತದ ಗೆರೆಗಿಂತ ಬಹಳ ಮೇಲೆ, ಹೂತ ಚೀಲಗಳ ಹಿಡಿತದಲ್ಲಿ. ಎರೆ ಮಾತ್ರ ಕಾಕಾ ಹಟ ಹಿಡಿದದ್ದೇ. ಕೊನೆಗೊಂದು ದಿನ ಅವರ ಮಸಾಲೆ ಲಿವರಿಗೆ, ಮಗಳ ಕೈಯಲ್ಲಿದ್ದ ಕೋಲಿಗೆ, ಒಂದು ತೇಡೆ ಮೀನು ಬಿತ್ತು. ಮೀಸೆಯ, ಲೋಳೆ ಮೈಯ, ವಿಷಮುಳ್ಳಿನ ಮೀನು. ಪಕ್ಕದಲ್ಲಿ ಗಾಳ ಹಾಕಿದ್ದವನೊಬ್ಬ ಮೂಗು ಮುರಿದು, ಇದನ್ನು ಇಲ್ಲಿ ಯಾರೂ ತಿನ್ನುವುದಿಲ್ಲ, ಬಿಸಾಡಿ ಎಂದ. ಕಾಕಾ ಅವನನ್ನು ಬುದ್ಧಿ ಸ್ತಿಮಿತವಿಲ್ಲದವನನ್ನು ನೋಡುವ ಹಾಗೆ ನೋಡಿದರು. ಗಂಡ ಇಕ್ಕಳದಿಂದ ಮುಳ್ಳು ಮುರಿದರು. ಮಗಳು, “ಮಮ್ಮಾ, ಪುಳಿಮುಂಚಿ ಮಾಡ್ತೀಯಾ?” ಎಂದು ಕೇಳಿದಳು, ಕೊಂಕಣಿಯಲ್ಲೇ.